ಭಾನುವಾರ ಯಾರು ನೋಡ್ತಾರೆ?

ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಕಾಲಿಗೆ ಪ್ಲಾಸ್ಟಿಕ್ ಕವರ್, ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಪ್ರಯೋಗದ ಇಲಿಗಳನ್ನು ಇಡುವ ಆ ಕೋಣೆಯ ಬಾಗಿಲು ತಳ್ಳಿದೆ. ಮಾಸ್ಕ್ ಇದ್ದರೂ ಘಾಟು ಮೂಗಿಗೆ ಹೊಡೆಯಿತು. ನಮ್ಮೂರಲ್ಲಿ ಮಳೆಗಾಲದಲ್ಲಿ ಎರಡು ದಿನ ಗುಡಿಸದ ಕೊಟ್ಟಿಗೆಯ ಘಾಟು ಅದು. ಕಣ್ಣು ಉರಿಯಿತು.

ಗೋಡೆಗುಂಟ ಸ್ಟೀಲ್ ರ‍್ಯಾಕು. ಅದರಲ್ಲಿ ಸಾಲಾಗಿ ಪ್ಲಾಸ್ಟಿಕ್ ಕೇಜ್‌ಗಳು. ಒಂದೊಂದರಲ್ಲಿ ಮೂರು ಬಿಳಿ ಇಲಿ. ಮೇಲೆ ಜಾಲರಿ, ಜಾಲರಿಯ ಮೇಲೆ ಓರೆಯಾಗಿ ಒಂದು ನೀರಿನ ಬಾಟಲಿ. ಕೆಳಗೆ ಹಾಸಿದ್ದ ಮೆಕ್ಕೆಜೋಳದ ದಿಂಡಿನ ಪುಡಿ ನೆನೆದು ಕಪ್ಪಾಗಿತ್ತು. ಒಣಗಿದ ಜಾಗ ಉಳಿದಿದ್ದು ಒಂದು ಮೂಲೆಯಲ್ಲಿ ಮಾತ್ರ. ಮೂರೂ ಇಲಿ ಅಲ್ಲಿ ಒಂದರ ಮೇಲೊಂದು ಮುದುರಿಕೊಂಡಿದ್ದವು.

ಎರಡನೇ ಸಾಲಿನ ಒಂದು ಕೇಜ್‌ನಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತಿತ್ತು. ಬಗ್ಗಿ ನೋಡಿದೆ. ಬಾಟಲಿಯ ಸ್ಟೀಲ್ ಕೊಳವೆಯ ತುದಿಯಲ್ಲಿ ಒಂದು ಸಣ್ಣ ಗುಂಡು ಇರುತ್ತದೆ. ಇಲಿ ನೆಕ್ಕಿದಾಗ ಅದು ಹಿಂದೆ ಸರಿದು ಹನಿ ಬಿಡುತ್ತದೆ. ಒಂದು ಇಲಿ ಹಿಂಗಾಲ ಮೇಲೆ ನಿಂತು ಆ ಗುಂಡನ್ನು ನೆಕ್ಕುತ್ತಿತ್ತು. ನಿಲ್ಲಿಸುತ್ತಿತ್ತು, ಮತ್ತೆ ನೆಕ್ಕುತ್ತಿತ್ತು. ಬಾಟಲಿಯಲ್ಲಿ ನೀರಿರಲಿಲ್ಲ. ಆ ಸಾಲಿನಲ್ಲಿ ಐದು ಬಾಟಲಿ ಖಾಲಿ ಇದ್ದವು.

ನನ್ನ ಹಿಂದೆ ನಿಂತಿದ್ದ ಅಟೆಂಡರ್ ಆಗಲೇ ಹೊಸ ಬಾಟಲಿ ತುಂಬುತ್ತಿದ್ದ.

"ಇವು ಯಾವ ಇಲಿಗಳಪ್ಪಾ?"

"ಶುಗರ್ ಇಲಿ ಮೇಡಂ. ಜಾಸ್ತಿ ನೀರು ಕುಡೀತವೆ, ಜಾಸ್ತಿ ಉಚ್ಚೆ ಹೊಯ್ತವೆ. ಶನಿವಾರ ಮಧ್ಯಾಹ್ನ ಎಲ್ಲಾ ಬದ್ಲಾಯ್ಸಿ ಹೋಗಿದ್ದೆ."

"ನಿನ್ನೆ?"

"ನಿನ್ನೆ ಭಾನುವಾರ ಅಲ್ವಾ ಮೇಡಂ."

ನನಗೂ ಶುಗರ್ ಇದೆ. ಹದಿನಾಲ್ಕು ವರ್ಷ ಆಯಿತು. ಕಾಯಿಲೆ ಗೊತ್ತಾಗುವ ಮುಂಚಿನ ಆ ಎರಡು ತಿಂಗಳ ಬಾಯಾರಿಕೆ ನನಗೆ ಇವತ್ತಿಗೂ ಮರೆತಿಲ್ಲ. ರಾತ್ರಿ ಹಾಸಿಗೆ ಪಕ್ಕ ಎರಡು ಚೊಂಬು ನೀರು ಇಟ್ಟುಕೊಂಡು ಮಲಗುತ್ತಿದ್ದೆ. ಕುಡಿದಷ್ಟೂ ನಾಲಿಗೆ ಒಣಗುತ್ತಿತ್ತು. ಗಂಟೆಗೊಮ್ಮೆ ಬಚ್ಚಲಿಗೆ ಏಳುತ್ತಿದ್ದೆ. ಆ ಇಲಿ ಖಾಲಿ ಕೊಳವೆ ನೆಕ್ಕುವುದನ್ನು ನೋಡುತ್ತಾ ನಿಂತಾಗ ನನ್ನ ನಾಲಿಗೆಯೂ ಒಣಗಿತು. ಇದನ್ನು ಬಣ್ಣ ಕಟ್ಟಿ ಹೇಳುತ್ತಿಲ್ಲ. ನಿಜವಾಗಿ ಹಾಗೇ ಆಯಿತು.

ನಾನು ಆ ಕೋಣೆಗೆ ಹೇಗೆ ಹೋದೆ ಅಂತ ಹೇಳಬೇಕು. ನಾನು ವಿಜ್ಞಾನಿ ಅಲ್ಲ. ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವಳು. ನಮ್ಮ ದೇಶದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಸಂಸ್ಥೆ ಯಾವುದೇ ಇರಲಿ, ಮೊದಲು ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಸಂಸ್ಥೆಯೊಳಗೇ ಒಂದು ನೈತಿಕ ಸಮಿತಿ ಇರಬೇಕು. 1998ರ ನಿಯಮಗಳಿಂದ ಇದು ಕಡ್ಡಾಯ. ಸಮಿತಿಯಲ್ಲಿ ಸಂಸ್ಥೆಯ ವಿಜ್ಞಾನಿಗಳು, ಪಶುವೈದ್ಯರು, ಪ್ರಾಣಿಗಳನ್ನು ಇಡುವ ಅನಿಮಲ್ ಹೌಸ್ ನೋಡಿಕೊಳ್ಳುವವರು ಇರುತ್ತಾರೆ. ಜೊತೆಗೆ ಕೇಂದ್ರದ ಸಮಿತಿ ನೇಮಿಸಿದ ಹೊರಗಿನವರು. ಆ ಕೇಂದ್ರ ಸಮಿತಿಗೆ ಮೊದಲು ಸಿಪಿಸಿಎಸ್‌ಇಎ ಅಂತಿದ್ದರು, ಈಗ ಸಿಸಿಎಸ್‌ಇಎ ಅಂತಾರೆ. ಹೊರಗಿನವರಲ್ಲಿ ಒಬ್ಬರು ವಿಜ್ಞಾನದವರೇ ಆಗಿರಬಾರದು, ಸಮಾಜದ ಬಗ್ಗೆ ಕಾಳಜಿ ಇರುವ ಸಾಮಾನ್ಯ ಮನುಷ್ಯ ಆಗಿರಬೇಕು. ಆ ಕುರ್ಚಿ ನನ್ನದು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅಲ್ಲಿ ನಡೆದದ್ದು ಅಲ್ಲಿ ಮಾತ್ರ ನಡೆಯುವಂಥದ್ದೂ ಅಲ್ಲ.

ಮೊದಲ ಒಂದು ವರ್ಷ ನಾನು ಬಾಯಿ ಬಿಡಲಿಲ್ಲ. ಎಲ್ಲಾ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಮೂರು ಗಂಟೆಯಲ್ಲಿ ಹತ್ತು ಹನ್ನೆರಡು ಪ್ರಾಜೆಕ್ಟ್. ಒಬ್ಬೊಬ್ಬರು ಬಂದು ಪರದೆ ಮೇಲೆ ತೋರಿಸಿ ಹೋಗುತ್ತಿದ್ದರು. ನನಗೆ ಅರ್ಥವಾಗದ ಪದಗಳನ್ನು ಡೈರಿಯಲ್ಲಿ ಬರೆದುಕೊಂಡು ಮನೆಗೆ ಬಂದು ಹುಡುಕುತ್ತಿದ್ದೆ. ಒಂದು ದಿನ ಊಟದ ಹೊತ್ತಿನಲ್ಲಿ ಅಲ್ಲಿನ ಪಶುವೈದ್ಯರು ಪಕ್ಕ ಬಂದು ಕೂತು ಹೇಳಿದರು. "ಮೇಡಂ, ನೀವು ಕೇಳಬೇಕು. ನಾವು ದಿನಾ ನೋಡ್ತೀವಿ, ನಮಗೆ ಎಷ್ಟೋ ವಿಷಯ ಕಾಣ್ಸೋದೇ ಇಲ್ಲ." ಅವರು ಹಾಗೆ ಹೇಳದಿದ್ದರೆ ನಾನು ಇವತ್ತಿಗೂ ಟೀ ಕುಡಿದು ಸಹಿ ಹಾಕಿ ಬರುತ್ತಿದ್ದೆನೋ ಏನೋ.

ಪ್ರಯೋಗಕ್ಕೆ ಸಮಿತಿಯ ಒಪ್ಪಿಗೆ ಕೇಳುವ ಅರ್ಜಿಗೆ ಫಾರಂ ಬಿ ಅಂತಾರೆ. ಅದನ್ನು ಸರಿಯಾಗಿ ಓದಿದರೆ, ಬರೆದವರ ಮೇಲೆ ಗೌರವ ಬರುತ್ತದೆ. ಈ ಕೆಲಸಕ್ಕೆ ಪ್ರಾಣಿ ಯಾಕೆ ಬೇಕು? ಇದೇ ಪ್ರಾಣಿ ಯಾಕೆ? ಇಷ್ಟೇ ಸಂಖ್ಯೆ ಯಾಕೆ? ಇಂಥದ್ದೇ ಪ್ರಯೋಗ ಹಿಂದೆ ಆಗಿದೆಯಾ? ಆಗಿದ್ದರೆ ಮತ್ತೆ ಯಾಕೆ? ನೋವಾಗುತ್ತದಾ? ಆದರೆ ಏನು ಕೊಡುತ್ತೀರಿ? ಕೊನೆಗೆ ಪ್ರಾಣಿಯನ್ನು ಏನು ಮಾಡುತ್ತೀರಿ? ಎಲ್ಲಾ ನೇರ ಪ್ರಶ್ನೆಗಳು. ಒಬ್ಬ ರೈತನ ಹೆಂಡತಿ ಕೇಳುವಂಥ ಪ್ರಶ್ನೆಗಳು. ತೊಂದರೆ ಇರುವುದು ಉತ್ತರಗಳಲ್ಲಿ. ಹಳೆಯ ಅರ್ಜಿಯಿಂದ ಹಾಗೇ ಎತ್ತಿ ಹೊಸದರಲ್ಲಿ ಅಂಟಿಸಿರುತ್ತಾರೆ. ಒಮ್ಮೆ ಮೊಲದ ಪ್ರಯೋಗದ ಅರ್ಜಿಯಲ್ಲಿ ಇಲಿಯ ತೂಕ ಬರೆದಿತ್ತು.

ನಾನು ಬಾಯಿ ಬಿಟ್ಟ ಮೊದಲ ಪ್ರಶ್ನೆ ಸಂಖ್ಯೆಯದ್ದು. ಆರು ಗುಂಪು, ಗುಂಪಿಗೆ ಎಂಟು, ಒಟ್ಟು 48 ಇಲಿ. "ಎಂಟೇ ಯಾಕೆ?" ಅಂದೆ. ಪ್ರಾಜೆಕ್ಟಿನವರು ಒಂದು ಕ್ಷಣ ಸುಮ್ಮನಾದರು. ಹಿಂದೆ ಬಂದ ಸಂಶೋಧನಾ ಪೇಪರುಗಳಲ್ಲಿ ಎಂಟಿತ್ತು, ಅದಕ್ಕೆ ಎಂಟು ಅಂದರು. ಹೊರಗಿನಿಂದ ಬಂದಿದ್ದ ಒಬ್ಬ ವಿಜ್ಞಾನಿ ಲ್ಯಾಪ್‌ಟಾಪ್ ತೆಗೆದು ಲೆಕ್ಕ ಹಾಕಿ, ಆರು ಸಾಕು ಅಂದರು. 36ಕ್ಕೆ ಇಳಿಯಿತು. ಹನ್ನೆರಡು ಇಲಿ. ಅವತ್ತು ಬಸ್ಸಿನಲ್ಲಿ ಬರುವಾಗ ಆ ಹನ್ನೆರಡನ್ನೇ ಯೋಚಿಸಿದೆ.

ಆದರೆ ಕಡಿಮೆ ಅಂದರೆ ಯಾವಾಗಲೂ ಒಳ್ಳೆಯದು ಅಂತಲ್ಲ. ಅದನ್ನು ಕಲಿಯಲು ಇನ್ನೊಂದು ವರ್ಷ ಹಿಡಿಯಿತು. ಒಬ್ಬ ವಿದ್ಯಾರ್ಥಿ ಆರು ಗುಂಪು, ಗುಂಪಿಗೆ ಮೂರೇ ಇಲಿ ಅಂತ ಬರೆದು ತಂದ. ನನಗೆ ಖುಷಿಯಾಯಿತು. ಅದೇ ವಿಜ್ಞಾನಿ ತಲೆ ಅಲ್ಲಾಡಿಸಿದರು. ಮೂರರಲ್ಲಿ ಏನೂ ಗೊತ್ತಾಗಲ್ಲ, ಹದಿನೆಂಟು ಇಲಿ ಸತ್ತರೂ ಉತ್ತರ ಸಿಗಲ್ಲ, ಆಮೇಲೆ ಇನ್ನೊಬ್ಬರು ಬಂದು ಮೊದಲಿಂದ ಮಾಡಬೇಕು ಅಂದರು. ಅರ್ಜಿ ವಾಪಸ್ ಹೋಗಿ ಹೆಚ್ಚಿನ ಸಂಖ್ಯೆಯೊಂದಿಗೆ ಬಂತು. ಅದಕ್ಕೆ ನಾನೂ ಕೈ ಎತ್ತಿದೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಹೊಸ ಮದ್ದು, ಹೊಸ ಕಾಯಿಲೆ ಅಂದರೆ ನಾನು ಕೇಳಿ ಒಪ್ಪುತ್ತೇನೆ. ನನಗೆ ಸಿಟ್ಟು ಬರುವುದು ಒಂದೇ ದಾರಿಯನ್ನು ಮತ್ತೆ ಮತ್ತೆ ತುಳಿಯುವ ಪ್ರಾಜೆಕ್ಟುಗಳ ಮೇಲೆ. ಇಲಿಗೆ ಸ್ಟ್ರೆಪ್ಟೋಝೋಟೋಸಿನ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. ಅದು ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನು ಕೊಲ್ಲುತ್ತದೆ. ಕೆಲವೇ ದಿನದಲ್ಲಿ ಇಲಿಗೆ ಶುಗರ್ ಬರುತ್ತದೆ. ಆಮೇಲೆ ಯಾವುದಾದರೂ ಸೊಪ್ಪಿನ ಕಷಾಯ ಕುಡಿಸಿ ಶುಗರ್ ಇಳಿಯಿತಾ ನೋಡುತ್ತಾರೆ. ಹಾಗಲಕಾಯಿ, ನೇರಳೆ ಬೀಜ, ಮೆಂತ್ಯ, ಮಧುನಾಶಿನಿ. ಇವುಗಳ ಮೇಲೆ ಆಗಲೇ ಎಷ್ಟೋ ಪೇಪರು ಬಂದಿವೆ. ಮತ್ತೊಂದು ಡಿಗ್ರಿಗಾಗಿ ಮತ್ತೊಂದು ಮೂವತ್ತು ಇಲಿಗೆ ಶುಗರ್ ಬರಿಸುವುದು ತಪ್ಪು ಅಂತ ನನ್ನ ಖಚಿತ ಅಭಿಪ್ರಾಯ. ನನ್ನ ಕಾಯಿಲೆಗೇ ಔಷಧಿ ಹುಡುಕುತ್ತಿದ್ದಾರೆ ಅನ್ನುವುದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಹಾಗಂತ ಪ್ರಯೋಗವೇ ಬೇಡ ಅನ್ನಲು ನನ್ನಿಂದ ಆಗುವುದಿಲ್ಲ. ದಿನಾ ಎರಡು ಹೊತ್ತು ಹೊಟ್ಟೆಗೆ ಚುಚ್ಚಿಕೊಳ್ಳುವ ಇನ್ಸುಲಿನ್ ಎಲ್ಲಿಂದ ಬಂತು? 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮೇರಿಂಗ್ ಮತ್ತು ಮಿಂಕೋವ್‌ಸ್ಕಿ ಒಂದು ನಾಯಿಯ ಮೇದೋಜೀರಕ ತೆಗೆದರು. ಹೊರಗೆ ಹೋಗಿ ಉಚ್ಚೆ ಹೊಯ್ಯಲು ಕಲಿತಿದ್ದ ನಾಯಿ ಅದು. ಈಗ ಕೋಣೆಯ ನೆಲದ ಮೇಲೆಲ್ಲಾ ಹೊಯ್ಯತೊಡಗಿತು. ಮಿಂಕೋವ್‌ಸ್ಕಿ ಬೈಯುವ ಬದಲು ಅದನ್ನು ಪರೀಕ್ಷೆ ಮಾಡಿದ. ಅದರಲ್ಲಿ ಸಕ್ಕರೆ ಇತ್ತು. ಶುಗರ್ ಕಾಯಿಲೆಯ ಬೇರು ಮೇದೋಜೀರಕದಲ್ಲಿದೆ ಅಂತ ಗೊತ್ತಾಗಿದ್ದು ಹಾಗೆ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇಂಥ ನಾಯಿಗಳಿಗೇ ಮೇದೋಜೀರಕದ ಸಾರ ಕೊಟ್ಟು ಶುಗರ್ ಇಳಿಸಿದರು. ಮಾರ್ಜೊರಿ ಅಂತ ಒಂದು ನಾಯಿ ಆ ಸಾರದಿಂದಲೇ ಸುಮಾರು 70 ದಿನ ಬದುಕಿತ್ತು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಅವನು ಉಳಿದ. ನೂರು ವರ್ಷದ ಮೇಲೆ ನಾನೂ ಉಳಿದಿದ್ದೇನೆ. ಆ ನಾಯಿಗಳ ಋಣ ನನ್ನ ಮೈಯಲ್ಲೇ ಇದೆ.

ಆ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಒದ್ದೆಯಾದ ನೆಲದ ಹತ್ತಿರ. ಯಾರೋ ಒಬ್ಬರು ಅದನ್ನು ನೋಡಿದರು, ಇದೇನಿದು ಅಂತ ಕೇಳಿದರು. ನಮ್ಮ ಅನಿಮಲ್ ಹೌಸಿನಲ್ಲೂ ಒದ್ದೆ ಇತ್ತು. ನೋಡುವವನೂ ಇದ್ದ. ಅವನನ್ನು ಕೇಳುವವರು ಇರಲಿಲ್ಲ.

ಆ ಸೋಮವಾರಕ್ಕೆ ವಾಪಸ್ ಬರುತ್ತೇನೆ. ಗೋಡೆಯ ಮೇಲೆ ದಿನದ ರಿಜಿಸ್ಟರ್ ತೂಗುಹಾಕಿದ್ದರು. ನೀರು, ಆಹಾರ, ಬೆಡ್ಡಿಂಗ್ ಅಂದರೆ ಕೆಳಗೆ ಹಾಸುವ ಪುಡಿ, ಕೋಣೆಯ ಉಷ್ಣತೆ, ಆರೋಗ್ಯ. ಪ್ರತಿ ದಿನದ ಎದುರು ಒಂದೊಂದು ಟಿಕ್. ಭಾನುವಾರದ ಎದುರಿಗೂ ಟಿಕ್ ಇತ್ತು. ಅದೇ ಪೆನ್ನು, ಅದೇ ಕೈ. ಕೊನೆಯಲ್ಲಿ 'ರಿಮಾರ್ಕ್ಸ್' ಅಂತ ಒಂದು ಅಗಲವಾದ ಕಾಲಂ. ಪುಟ ಮಗುಚಿದೆ. ಹಿಂದಿನ ಮೂರು ತಿಂಗಳು ಆ ಕಾಲಂ ಖಾಲಿ.

"ಇಲ್ಲಿ ಯಾಕೆ ಏನೂ ಬರೆದಿಲ್ಲ?"

ಅವನು ನೆಲ ನೋಡಿದ. "ಇಂಗ್ಲಿಷ್ ಬರಲ್ಲ ಮೇಡಂ. ಟಿಕ್ ಹಾಕು ಸಾಕು ಅಂದವ್ರೆ."

ಅವನ ಊರು ಕೋಲಾರದ ಕಡೆ. ಎಸ್ಸೆಸ್ಸೆಲ್ಸಿ ಓದಿದ್ದಾನೆ. ಹನ್ನೊಂದು ವರ್ಷದಿಂದ ಅದೇ ಕೋಣೆಗಳಲ್ಲಿ ಕೆಲಸ. ಕಾಂಟ್ರ್ಯಾಕ್ಟ್ ಮೇಲೆ. ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ಅವನ ಬಾಯಿಂದ ಬಂದದ್ದು ಕೇಳಿ ನಾನು ಬಾಗಿಲ ಹತ್ತಿರದ ಸ್ಟೂಲ್ ಎಳೆದುಕೊಂಡು ಕೂತೆ. ಮೇಲಿನ ಸಾಲಿನ ಇಲಿಗಳು ಟ್ಯೂಬ್‌ಲೈಟಿಗೆ ಹತ್ತಿರ, ಬಿಳಿ ಇಲಿಗೆ ಬೆಳಕು ಆಗಲ್ಲ, ಅವು ಯಾವಾಗಲೂ ಆಹಾರದ ಬುಟ್ಟಿಯ ನೆರಳಲ್ಲೇ ಇರುತ್ತವೆ. ಒಂಟಿಯಾಗಿ ಇಟ್ಟ ಇಲಿ ನಾಲ್ಕೈದು ದಿನಕ್ಕೆ ಮಂಕಾಗುತ್ತದೆ. ಗ್ಲೂಕೋಸ್ ನೋಡಲು ಬಾಲದಿಂದ ರಕ್ತ ತೆಗೆಯುವ ದಿನ, ತೆಗೆಯುವವರ ಚಪ್ಪಲಿ ಸದ್ದಿಗೇ ಓಡಾಟ ಶುರುವಾಗುತ್ತದೆ.

ಒಂದು ಇಲಿಯ ಮೂಗಿನ ಹತ್ತಿರ ಕೆಂಪು ಕಲೆ ಇತ್ತು. ರಕ್ತ ಅಂದುಕೊಂಡು ಗಾಬರಿಯಾದೆ.

"ರಕ್ತ ಅಲ್ಲ ಮೇಡಂ. ಅದಕ್ಕೆ ಕಷ್ಟ ಆದ್ರೆ ಕಣ್ಣಿಂದ, ಮೂಗಿಂದ ಹಂಗೆ ಕೆಂಪು ಬರುತ್ತೆ. ಚೆನ್ನಾಗಿರೋ ಇಲಿ ಒರೆಸ್ಕೊಂಬಿಡುತ್ತೆ. ಇದು ಒರೆಸ್ಕೊಂಡಿಲ್ಲ ನೋಡಿ."

ಮನೆಗೆ ಬಂದು ಓದಿದೆ. ಅವನು ಹೇಳಿದ್ದು ಅಕ್ಷರಶಃ ಸರಿ. ಇಲಿಯ ಕಣ್ಣಿನ ಹಿಂದೆ ಒಂದು ಗ್ರಂಥಿ ಇದೆ. ಅದರಿಂದ ಬರುವ ದ್ರವದಲ್ಲಿ ಪಾರ್ಫಿರಿನ್ ಅನ್ನುವ ಕೆಂಪು ಬಣ್ಣ ಇರುತ್ತದೆ. ಒತ್ತಡ, ಕಾಯಿಲೆ ಇದ್ದಾಗ ಜಾಸ್ತಿ ಬರುತ್ತದೆ. ಮೈ ಸ್ವಚ್ಛ ಮಾಡಿಕೊಳ್ಳುವುದನ್ನು ನಿಲ್ಲಿಸಿದ ಇಲಿಯಲ್ಲಿ ಅದು ಕಲೆಯಾಗಿ ಉಳಿಯುತ್ತದೆ. ಪುಸ್ತಕದಲ್ಲಿ ಇರುವುದನ್ನು ಅವನು ಪುಸ್ತಕ ಇಲ್ಲದೆ ಕಲಿತಿದ್ದ. ರಿಜಿಸ್ಟರಿನಲ್ಲಿ ಆ ಇಲಿಯ ಎದುರು ಇದ್ದದ್ದು ಒಂದು ಟಿಕ್.

ಇನ್ನೊಂದು ಕೋಣೆಯಲ್ಲಿ ಸಣ್ಣ ಇಲಿಗಳು, ಮೈಸ್ ಅಂತಾರಲ್ಲ, ಅವು. ಅಲ್ಲಿ ಅವನು ಒಂದನ್ನು ಎತ್ತಿದ ರೀತಿ ನೋಡಿದೆ. ಎರಡೂ ಕೈ ಬೊಗಸೆ ಮಾಡಿ ಕೆಳಗಿನಿಂದ ಹಿಡಿದ. ಅದು ಬೊಗಸೆಯಲ್ಲೇ ಕೂತು ಮೀಸೆ ಆಡಿಸಿತು. ವಿದ್ಯಾರ್ಥಿಗಳು ಬಾಲ ಹಿಡಿದು ಎತ್ತುತ್ತಾರೆ, ಹಾಗೇ ಕಲಿಸಿರುತ್ತಾರೆ. ಬಾಲ ಹಿಡಿದು ಎತ್ತಿದ ಇಲಿಗೆ ಭಯ ಜಾಸ್ತಿ, ಬೊಗಸೆಯಲ್ಲೋ ಸಣ್ಣ ಕೊಳವೆಯಲ್ಲೋ ಎತ್ತಿದರೆ ಕಡಿಮೆ ಅಂತ 2010ರಲ್ಲೇ ಇಂಗ್ಲೆಂಡಿನ ಲಿವರ್‌ಪೂಲ್‌ನವರು ತೋರಿಸಿದ್ದಾರೆ. ನಿನಗೆ ಯಾರು ಹೇಳಿಕೊಟ್ಟರು ಅಂತ ಕೇಳಿದೆ. "ಯಾರೂ ಇಲ್ಲ ಮೇಡಂ. ಕೋಳಿ ಮರಿ ಎತ್ತೋ ಹಂಗೆ" ಅಂದ.

ನಮ್ಮ ಕಾನೂನಿನ ಮೂಲ ಒಬ್ಬ ಕಲಾವಿದೆಯ ಹಠ. ಭರತನಾಟ್ಯಕ್ಕೆ ಹೆಸರಾದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪ್ರಾಣಿಗಳ ಪರವಾಗಿ ಖಾಸಗಿ ಮಸೂದೆ ತಂದಿದ್ದರು. ಸರ್ಕಾರವೇ ಕಾನೂನು ತರುತ್ತದೆ ಅಂತ ನೆಹರೂ ಭರವಸೆ ಕೊಟ್ಟ ಮೇಲೆ ಹಿಂದೆ ತೆಗೆದುಕೊಂಡರು. ಹಾಗೆ ಬಂದದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಪ್ರಯೋಗ ಮಾಡುವುದು ಅಪರಾಧ ಅಲ್ಲ ಅಂತ ಆ ಕಾಯ್ದೆ ಹೇಳುತ್ತದೆ. ಜೊತೆಗೇ ಬೇಡದ ನೋವು ಆಗಬಾರದು, ಸಣ್ಣ ಪ್ರಾಣಿ ಸಾಕಾಗುವ ಕಡೆ ದೊಡ್ಡದನ್ನು ಬಳಸಬಾರದು, ಬರೀ ಕೈ ಪಳಗಿಸಿಕೊಳ್ಳಲು ಪ್ರಯೋಗ ಮಾಡಬಾರದು ಅಂತಲೂ ಹೇಳುತ್ತದೆ. ಒಳ್ಳೆಯ ಮಾತುಗಳು. ಆದರೆ ಕೇಂದ್ರ ಸಮಿತಿಯ ಆದೇಶ ಮುರಿದರೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 200 ರೂಪಾಯಿ. 1960ರಲ್ಲಿ ಬರೆದ ಸಂಖ್ಯೆ ಹಾಗೇ ಕೂತಿದೆ. ಸಂಸ್ಥೆಯ ಪ್ರಯೋಗಗಳನ್ನೇ ನಿಲ್ಲಿಸುವ ಅಧಿಕಾರ ಕೇಂದ್ರ ಸಮಿತಿಗೆ ಇದೆ, ಸಂಸ್ಥೆಗಳು ಹೆದರುವುದು ಅದಕ್ಕೆ.

ಪ್ರಪಂಚದಲ್ಲೆಲ್ಲಾ ಈ ಕ್ಷೇತ್ರದವರು ಮೂರು ಆರ್ ಅನ್ನುತ್ತಾರೆ: ರಿಪ್ಲೇಸ್‌ಮೆಂಟ್, ರಿಡಕ್ಷನ್, ರಿಫೈನ್‌ಮೆಂಟ್. 1959ರಲ್ಲಿ ರಸೆಲ್ ಮತ್ತು ಬರ್ಚ್ ಅನ್ನುವ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಹೇಳಿದ್ದು. ಪ್ರಾಣಿ ಇಲ್ಲದೆ ಆಗುವುದಾದರೆ ಪ್ರಾಣಿ ಬೇಡ. ಬೇಕೇ ಬೇಕಾದರೆ ಕಡಿಮೆ ಬಳಸಿ. ಬಳಸುವಾಗ ನೋವು ತಗ್ಗಿಸಿ. ನಮ್ಮ ದೇಶದ ನಿಯಮ ನಾಲ್ಕನೆಯದೊಂದು ಸೇರಿಸಿದೆ, ರಿಹ್ಯಾಬಿಲಿಟೇಶನ್, ಅಂದರೆ ಪುನರ್ವಸತಿ. ಪ್ರಯೋಗ ಮುಗಿದ ಮೇಲೆ ಪ್ರಾಣಿ ಬದುಕಿದ್ದರೆ ಅದರ ಆರೈಕೆಯೂ ಸಂಶೋಧನೆಯ ಖರ್ಚಿನಲ್ಲೇ ಬರಬೇಕು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈಗ ಲ್ಯಾಬಿನಿಂದ ಬಿಡುಗಡೆಯಾದ ಬೀಗಲ್ ನಾಯಿಗಳಿವೆ. ಇಲಿಗೆ ಆ ಭಾಗ್ಯ ಇಲ್ಲ. ಅದರ ಪಾಲಿಗೆ ಇರುವುದು ಬದುಕಿರುವ ಕೆಲವು ವಾರ ಮಾತ್ರ. ಆ ಕೆಲವು ವಾರದಲ್ಲಿ ಭಾನುವಾರಗಳೂ ಬರುತ್ತವೆ.

ಪ್ರಾಣಿ ಇಲ್ಲದೆ ಆಗುತ್ತದಾ ಅಂತ ಅನುಮಾನ ಪಡುವವರಿಗೆ ನಮ್ಮ ಮನೆಯದೇ ಒಂದು ವಿಷಯ ಹೇಳುತ್ತೇನೆ. ನಮ್ಮೂರು ಸಾಗರದ ಹತ್ತಿರ. 1974ರಲ್ಲಿ ನನ್ನ ತಮ್ಮನಿಗೆ ಹುಚ್ಚುನಾಯಿ ಕಚ್ಚಿತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಆರು ವರ್ಷದ ಹುಡುಗ. ಅಪ್ಪ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಐದನೇ ದಿನದಿಂದ ಅವನು ಬಸ್ಸು ಕಂಡರೇ ಕಿರುಚುತ್ತಿದ್ದ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಆ ಮದ್ದು ಯಾವುದರಿಂದ ಮಾಡುತ್ತಿದ್ದರು ಅಂತ ನನಗೆ ಗೊತ್ತಾಗಿದ್ದು ಈ ಸಮಿತಿಗೆ ಬಂದ ಮೇಲೆ. ಕುರಿಯ ಮಿದುಳಿಗೆ ರೇಬೀಸ್ ವೈರಸ್ ಚುಚ್ಚುತ್ತಿದ್ದರು. ಕುರಿಗೆ ಕಾಯಿಲೆ ಬಂದ ಮೇಲೆ ಅದರ ಮಿದುಳು ತೆಗೆದು, ಅರೆದು, ಫೀನಾಲ್ ಹಾಕಿ ವೈರಸ್ ಸಾಯಿಸಿ ಲಸಿಕೆ ಮಾಡುತ್ತಿದ್ದರು. ಡೇವಿಡ್ ಸೆಂಪಲ್ ಅನ್ನುವ ಬ್ರಿಟಿಷ್ ವೈದ್ಯ ಹಿಮಾಚಲದ ಕಸೌಲಿಯಲ್ಲಿ 1911ರಲ್ಲಿ ಕಂಡುಹಿಡಿದ ವಿಧಾನ. ಆ ಲಸಿಕೆಯಲ್ಲಿ ಉಳಿದ ಮಿದುಳಿನ ಅಂಶದಿಂದ ಕೆಲವರಿಗೆ ಲಕ್ವ ಹೊಡೆದದ್ದೂ ಉಂಟು. ಈಗ ರೇಬೀಸ್ ಲಸಿಕೆಯನ್ನು ಗಾಜಿನ ಪಾತ್ರೆಗಳಲ್ಲಿ ಬೆಳೆಸಿದ ಕೋಶಗಳಲ್ಲಿ ಮಾಡುತ್ತಾರೆ. ತೋಳಿಗೆ ನಾಲ್ಕೈದು ಸಲ ಚುಚ್ಚಿದರೆ ಮುಗಿಯಿತು. 2005ರ ಹೊತ್ತಿಗೆ ನಮ್ಮ ದೇಶದಲ್ಲಿ ಕುರಿ ಮಿದುಳಿನ ಲಸಿಕೆ ನಿಂತಿತು. ಕುರಿಯೂ ಉಳಿಯಿತು, ಮಗುವಿನ ಹೊಟ್ಟೆಯೂ ಉಳಿಯಿತು.

ಸಾಗರದ ಕಡೆಯವಳಾಗಿ ಮಂಗನ ಕಾಯಿಲೆ ಹೆಸರು ಹೇಳದೆ ಇರಲಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಅದು ಗೊತ್ತಾದಾಗ ವೈರಸ್ ಪತ್ತೆ ಮಾಡಿದ್ದು ಇಲಿಮರಿಗಳ ಮೂಲಕ. ರೋಗಿಯ ರಕ್ತ ಮರಿಗೆ ಚುಚ್ಚಿ, ಮರಿ ಸಾಯುತ್ತದಾ ಅಂತ ಕಾಯುತ್ತಿದ್ದರು. ಅದೇ ಬಹಳ ವರ್ಷ ಪರೀಕ್ಷೆಯ ದಾರಿಯಾಗಿತ್ತು. ಈಗ ಆರ್‌ಟಿ-ಪಿಸಿಆರ್ ಬಂದಿದೆ. ಮರಿಯೂ ಬೇಡ, ಅಷ್ಟು ದಿನ ಕಾಯುವುದೂ ಬೇಡ.

ಕಾನೂನೂ ಹೆಜ್ಜೆ ಹೆಜ್ಜೆಯಾಗಿ ಆ ಕಡೆ ಸರಿದಿದೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು 2014ರಲ್ಲಿ ನಿಂತಿತು. ಅದೇ ವರ್ಷ ಯುಜಿಸಿ ಡಿಗ್ರಿ ತರಗತಿಗಳಲ್ಲಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಿತು. ನಮ್ಮ ಸ್ಟಾಫ್ ರೂಮಿನ ಗೋಡೆಯ ಆ ಕಡೆ ಜುವಾಲಜಿ ಲ್ಯಾಬ್ ಇತ್ತು. ಬಕೆಟ್ಟಿನಲ್ಲಿ ಕಪ್ಪೆ ಎಗರುವ ದಪ್ ದಪ್ ಸದ್ದು ಕೇಳಿಸುತ್ತಾ ನಾನು ಹತ್ತಾರು ವರ್ಷ ಪೇಪರ್ ತಿದ್ದಿದ್ದೇನೆ. ಎದ್ದು ಹೋಗಿ ಒಂದು ಮಾತು ಕೇಳಲಿಲ್ಲ. ಹೊಸ ಔಷಧಿಗಳ ನಿಯಮ 2023ರಲ್ಲಿ ತಿದ್ದುಪಡಿಯಾಗಿ, ಮಾನವ ಕೋಶಗಳ ಮೇಲೆ, ಕಂಪ್ಯೂಟರಿನಲ್ಲಿ ಮಾಡುವ ಪರೀಕ್ಷೆಗಳಿಗೂ ಜಾಗ ಸಿಕ್ಕಿದೆ.

ಒಂದು ಪದದ ಬಗ್ಗೆ ಹೇಳಿಬಿಡುತ್ತೇನೆ. ಕನ್ನಡ ಮೇಷ್ಟರ ಕಿವಿ ಅದನ್ನು ಬಿಡುವುದಿಲ್ಲ. ಲ್ಯಾಬಿನಲ್ಲಿ ಕೊಲ್ಲುವುದು ಅನ್ನುವುದಿಲ್ಲ. 'ಸ್ಯಾಕ್ರಿಫೈಸ್ ಮಾಡಿದ್ವಿ' ಅನ್ನುತ್ತಾರೆ. ಅಂದರೆ ಬಲಿ. ನಮ್ಮ ಕಡೆ ಹರಕೆಗೆ ಕೋಳಿ ಕೊಡುವಾಗ ಮನೆಯಲ್ಲಿ ಸಾಕಿದ್ದನ್ನು ಕೊಡುತ್ತಿದ್ದರು. ಮಕ್ಕಳು ಅಳುತ್ತಿದ್ದವು, ಅಜ್ಜಿಯ ಮುಖ ಸಣ್ಣದಾಗುತ್ತಿತ್ತು. ಕೊಡುವವರಿಗೆ ಏನೋ ಕಡಿಮೆಯಾಗುತ್ತಿತ್ತು. ಲ್ಯಾಬಿನ ಇಲಿ ಸತ್ತಾಗ ಯಾರ ಮುಖ ಸಣ್ಣದಾಗುತ್ತದೆ? ನಾನು ನೋಡಿದ ಮಟ್ಟಿಗೆ ಆ ಅಟೆಂಡರಿನದು. ಪ್ರಾಜೆಕ್ಟ್ ಮುಗಿಯುವ ದಿನ ಅವನು ಬೆಳಿಗ್ಗೆ ಬೇಗ ಬಂದು ಎಲ್ಲಾ ಕೇಜ್‌ಗೂ ಹೊಸ ಬೆಡ್ಡಿಂಗ್ ಹಾಕುತ್ತಾನೆ. ಅದಕ್ಕೆ ಯಾವ ನಿಯಮವೂ ಇಲ್ಲ.

ಮುಂದಿನ ಮೀಟಿಂಗಿಗೆ ನಾನು ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಂಡು ಹೋದೆ. ಆರೋಗ್ಯವಾಗಿರುವ ಇಲಿ ದಿನಕ್ಕೆ 25ರಿಂದ 30 ಎಂಎಲ್ ನೀರು ಕುಡಿಯುತ್ತದೆ. ಶುಗರ್ ಬಂದ ಇಲಿ 100 ಎಂಎಲ್ ದಾಟುತ್ತದೆ. ಕೇಜ್‌ನಲ್ಲಿ ಮೂರು ಇಲಿ, 300 ಎಂಎಲ್‌ನ ಒಂದು ಬಾಟಲಿ. ಶನಿವಾರ ಮಧ್ಯಾಹ್ನ ಎರಡಕ್ಕೆ ತುಂಬಿಸಿದರೆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಖಾಲಿ. ಸೋಮವಾರ ಬೆಳಿಗ್ಗೆ ಒಂಬತ್ತರವರೆಗೆ ಇನ್ನೂ ಹತ್ತೊಂಬತ್ತು ಗಂಟೆ. ಮೂರನೇ ಕ್ಲಾಸಿನ ಲೆಕ್ಕ. ಓದಿ ಮುಗಿಸಿ ಕೇಳಿದೆ. "ಭಾನುವಾರ ಯಾರು ನೋಡ್ತಾರೆ?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸೆಕ್ಯುರಿಟಿ ಇರ್ತಾರೆ ಅಂದರು. ಸೆಕ್ಯುರಿಟಿಯವರಿಗೆ ಆ ಕೋಣೆಯ ಬೀಗದ ಕೈ ಇಲ್ಲ. ಬಜೆಟ್ ಇಲ್ಲ ಅಂದರು. ಆ ವಾರ ಒಂದು ಇಲಿ ಸತ್ತಿತ್ತು, ಕಾರಣದ ಕಾಲಂನಲ್ಲಿ 'ಡಯಾಬಿಟಿಸ್' ಅಂತ ಇತ್ತು. ಅದನ್ನು ತೋರಿಸಿ, ನೀರಿಲ್ಲದೆ ಸತ್ತಿಲ್ಲ ಅಂತ ಹೇಗೆ ಹೇಳ್ತೀರಿ ಅಂದೆ. ಆಗ ಪಶುವೈದ್ಯರು ಬಾಯಿ ಹಾಕಿದರು. ಪ್ರತಿ ವಾರ ಒಂದು ದಿನ ನೀರಿಲ್ಲದೆ ಒಣಗಿದ ಇಲಿಗಳ ಕಿಡ್ನಿ ಲೆಕ್ಕ, ರಕ್ತದ ಲೆಕ್ಕ ಯಾವುದನ್ನೂ ನಂಬಕ್ಕಾಗಲ್ಲ, ನಿಮ್ಮ ಪೇಪರೇ ತಪ್ಪಾಗುತ್ತೆ ಅಂದರು. ಇಲಿಯ ಬಾಯಾರಿಕೆಗೆ ಅಲ್ಲಾಡದವರು ಆ ಮಾತಿಗೆ ಅಲ್ಲಾಡಿದರು. ನನಗೆ ಬೇಸರವಾಯಿತು. ಆದರೂ ಅಲ್ಲಾಡಿದರಲ್ಲ ಅಂತ ಸುಮ್ಮನಾದೆ.

ಆ ಸಂಸ್ಥೆಯಲ್ಲಿ ಎಲ್ಲರೂ ಹಾಗೆ ಅಂದರೆ ತಪ್ಪಾಗುತ್ತದೆ. ಒಬ್ಬಳು ಪಿಎಚ್‌ಡಿ ಹುಡುಗಿ ಪ್ರತಿ ಭಾನುವಾರ ಕೆಂಗೇರಿಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು, ತನ್ನ ಇಲಿಗಳಿಗೆ ನೀರು ಹಾಕಲು. ಯಾರೂ ಹೇಳಿರಲಿಲ್ಲ. ಅದೇ ಕೋಣೆಯ ಆಚೆ ತುದಿಯಲ್ಲಿದ್ದ ಅವಳ ಒಂಬತ್ತು ಕೇಜ್‌ಗಳಲ್ಲಿ ಆ ಸೋಮವಾರವೂ ಒದ್ದೆ ಇರಲಿಲ್ಲ. ಬೇರೆಯವರ ಪ್ರಾಜೆಕ್ಟಿನ ಕೇಜ್ ಮುಟ್ಟಬಾರದು ಅನ್ನುವ ನಿಯಮ ಇತ್ತಂತೆ. "ಆ ಕಡೆ ನೋಡ್ದೇ ಇರೋಕೆ ತುಂಬಾ ಕಷ್ಟ ಆಗ್ತಿತ್ತು ಮೇಡಂ" ಅಂದಳು, ನನ್ನ ಮುಖ ನೋಡದೆ.

ಮೂರು ವಿಷಯ ಒಪ್ಪಿಸಲು ಎರಡು ಮೀಟಿಂಗ್ ಬೇಕಾಯಿತು. ಶುಗರ್ ಇಲಿಗಳಿಗೆ ಎರಡೆರಡು ಬಾಟಲಿ, ದಿನಾ ಬೆಡ್ಡಿಂಗ್ ಬದಲಾವಣೆ. ಭಾನುವಾರ ಮತ್ತು ಹಬ್ಬದ ದಿನ ಸರದಿ ಮೇಲೆ ಒಬ್ಬರು, ಅದಕ್ಕೆ ಬೇರೆ ಕೂಲಿ. ಮೂರನೆಯದಕ್ಕೆ ಜಾಸ್ತಿ ಜಗಳ ಆಯಿತು. ರಿಮಾರ್ಕ್ಸ್ ಕಾಲಂನಲ್ಲಿ ಅಟೆಂಡರ್‌ಗಳು ಕನ್ನಡದಲ್ಲಿ ಬರೆಯಬಹುದು ಅನ್ನುವುದು. ಆಡಿಟ್ ಬರುತ್ತೆ, ಇಂಗ್ಲಿಷಿನಲ್ಲೇ ಇರಬೇಕು ಅಂದರು. ಯಾವ ನಿಯಮದಲ್ಲಿದೆ ತೋರಿಸಿ ಅಂದೆ. ಯಾರೂ ತೋರಿಸಲಿಲ್ಲ. ಕೊನೆಗೆ ಆ ಕೆಂಗೇರಿಯ ಹುಡುಗಿ, ವಾರಕ್ಕೊಮ್ಮೆ ನಾನೇ ಪಕ್ಕದಲ್ಲಿ ಇಂಗ್ಲಿಷ್ ಬರೆದುಕೊಡ್ತೀನಿ ಅಂದಳು.

ಅಟೆಂಡರ್ ಮೊದಲು ಹೆದರಿದ. ತಪ್ಪು ಬರೆದರೆ ಕೆಲಸ ಹೋಗುತ್ತಾ ಅಂತ ಕೇಳಿದ. ನೋಡಿದ್ದನ್ನು ಬರಿ, ಅಷ್ಟೇ ಅಂದೆ.

ಹೋದ ತಿಂಗಳು ಮತ್ತೆ ಅನಿಮಲ್ ಹೌಸ್ ನೋಡಲು ಹೋಗಿದ್ದೆ. ಕೋಣೆಯಲ್ಲಿ ಹೊಸ ಜೋಳದ ದಿಂಡಿನ ವಾಸನೆ ಇತ್ತು, ಘಾಟು ಇರಲಿಲ್ಲ. ರಿಜಿಸ್ಟರ್ ತೆಗೆದೆ. ಟಿಕ್‌ಗಳ ಪಕ್ಕದಲ್ಲಿ ದುಂಡು ದುಂಡಾದ ಕನ್ನಡ ಅಕ್ಷರ. ಕಾಲಂ ಸಾಲದೆ ಅಂಚಿನವರೆಗೂ ಬರೆದಿದ್ದ. ಹಿಂದಿನ ಭಾನುವಾರದ ಪುಟ ಹೀಗಿತ್ತು.

"ಬೆಳಗ್ಗೆ 9.10. ಬಾಟಲಿ ಎರಡೆರಡು ತುಂಬಿಸಿದೆ. 4ನೇ ಕೇಜ್ ತುಂಬಾ ಒದ್ದೆ, ಬದಲಾಯಿಸಿದೆ. 7ನೇ ಕೇಜಿನಲ್ಲಿ ಬಾಲಕ್ಕೆ ಎರಡು ಗೆರೆ ಹಾಕಿರೋ ಇಲಿ ಮಂಕಾಗಿದೆ. ಮೂಲೆ ಬಿಟ್ಟು ಬರುತ್ತಿಲ್ಲ. ಮೂಗಿನ ಹತ್ತಿರ ಕೆಂಪು, ಒರೆಸಿಕೊಂಡಿಲ್ಲ. ಡಾಕ್ಟರ್ ಸಾರ್‌ಗೆ 9.30ಕ್ಕೆ ಫೋನ್ ಮಾಡಿದೆ. 11 ಗಂಟೆಗೆ ಬಂದರು."